ಸೇತುವೆಯಲ್ಲಿ ನಿಲ್ಲಬೇಕಿದ್ದ ಗಾಡಿ

"ಮಾಡಲ್ಲ ಅಂದ್ರೆ ಮಾಡಲ್ಲ! ಬೇಕಾದ್ರೆ ಈ ಪಾನಾ ತಗೊಂಡು ನನ್ನ ತಲೆ ಒಡಿ, ಗಾಡಿ ಪೆಟ್ಟಿಗೆಗೆ ಮಾತ್ರ ನಾನು ಕೈ ಹಚ್ಚಲ್ಲ!"

"ನಿನ್ನ ತಲೆ ಒಡೆದ್ರೆ ಒಳಗೇನು ಸಿಗ್ತೈತೆ? ಬರೀ ಗ್ರೀಸು," ಎಂದಳು ಅತ್ತಿಗೆ.

"ಗ್ರೀಸೋ ಗಂಜಿಯೋ, ನನ್ನ ಗ್ಯಾರೇಜು ಇದು. ಇಲ್ಲಿ ನಾನು ಹೇಳಿದ್ದೇ ಆಗೋದು."

"ಗ್ಯಾರೇಜು ನಿಂದೇ, ಗಾಡಿ ನಂದು. ನನ್ನ ಗಾಡಿಗೆ ಏನು ಬೇಕೋ ಅದನ್ನ ಮಾಡಿಸ್ಕೊಳ್ಳೋಕೆ ಬಂದಿದೀನಿ. ಊರಿನ ಹುಡುಗರೆಲ್ಲ ಬಂದು ಪಿಕಪ್ ಜಾಸ್ತಿ ಮಾಡು ಅಂದ್ರೆ ಲ್ಯಾಪ್‌ಟಾಪ್ ತಗೊಂಡು ಕೂರ್ತೀಯ. ನಾನು ಕೇಳಿದ್ರೆ ಆಗಲ್ವಾ?"

"ಅದು ಬೇರೆ, ಇದು ಬೇರೆ!"

"ಏನು ಬೇರೆ?"

ನನ್ನ ಕೈಯಲ್ಲಿದ್ದ ಪಾನಾವನ್ನು ಗೋಡೆಗೆ ಎಸೆದೆ. ಅದು ತಗಡಿಗೆ ಬಡಿದು ಡಬ್ ಎಂದು ಸದ್ದಾಗಿ, ಹಿಂದಿನ ಓಣಿಯ ನಾಯಿಗಳೆಲ್ಲ ಬೊಗಳಲು ಶುರು ಮಾಡಿದವು. ನನಗೆ ಸಿಟ್ಟು ಬೇಗ ಬರುತ್ತದೆ, ಊರಿಗೆಲ್ಲ ಗೊತ್ತು. ಅತ್ತಿಗೆ ಹೆದರಲಿಲ್ಲ. ಅವಳು ಯಾವತ್ತೂ ಹೆದರಿದವಳಲ್ಲ. ಸೆರಗಿನ ಗಂಟಿನಿಂದ ಒಂದು ಮುಷ್ಟಿ ಮಂಡಕ್ಕಿ ತೆಗೆದು, "ಬಾಯಿ ತೆರಿ," ಎಂದಳು. ಐವತ್ತರ ಹತ್ತಿರ ಬಂದ ಗಂಡಸು ನಾನು, ಬಾಯಿ ತೆರೆದೆ. ಅವಳು ತುರುಕಿದಳು. ಬಾಯ ತುಂಬ ಮಂಡಕ್ಕಿ ಇಟ್ಟುಕೊಂಡು ಯಾರನ್ನೂ ಬೈಯಲಿಕ್ಕೆ ಬರುವುದಿಲ್ಲ. ಬೈದರೆ ಪುಡಿ ಗಂಟಲಿಗೆ ಹೋಗಿ ಕೆಮ್ಮು ಬರುತ್ತದೆ. ಅವಳು ನಮ್ಮ ಬೊಮ್ಮಣ್ಣನನ್ನು ಮದುವೆಯಾಗಿ ಮನೆಗೆ ಬಂದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ನನ್ನ ಸಿಟ್ಟಿಗೆ ಅವಳು ಆ ವಾರವೇ ಕಂಡುಹಿಡಿದ ಔಷಧಿ ಇದು.

ಅತ್ತಿಗೆಯ ಹೆಸರು ಕೊಟ್ರಮ್ಮ. ಅಣ್ಣ ತೀರಿಕೊಂಡ ಮೇಲೆ ಅವನ ಸಣ್ಣ ಗೂಡ್ಸ್ ಗಾಡಿಯನ್ನು ತಾನೇ ಓಡಿಸಲು ಕಲಿತು, ನಮ್ಮೂರ ಮಂಡಕ್ಕಿ ಹುರಿಯುವ ಭಟ್ಟಿಗಳಿಂದ ಚೀಲ ತುಂಬಿಕೊಂಡು ಹೊಳೆಯಾಚೆ ಊರುಗಳ ಅಂಗಡಿಗಳಿಗೆ ಹಾಕಿ ಬರುತ್ತಿದ್ದಳು. ಚೀಲಗಳು ಆನೆಯಷ್ಟು ದೊಡ್ಡವು, ಭಾರ ಬೆಕ್ಕಿನಷ್ಟು. ಗಾಳಿ ಬಂದರೆ ಗಾಡಿಯೇ ಅತ್ತಿತ್ತ ತೂಗುತ್ತದೆ. ಆದರೂ ಒಂದು ದಿನವೂ ಒಂದು ಚೀಲ ಬೀಳಿಸಿದವಳಲ್ಲ. ಆಚೆ ಊರಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಇಟ್ಟಿರುವ ಷಡಕ್ಷರಿ ಎಂಬಾತ, ಹೆಂಡತಿ ಸತ್ತವನು, ಅವಳನ್ನು ಮದುವೆಯಾಗುತ್ತೇನೆ ಎಂದು ಕೇಳಿದ್ದ. ಇವಳು ಒಂದು ವರ್ಷ ಏನೂ ಹೇಳದೆ ಚೀಲ ಇಳಿಸಿ ಬಂದಳು. ಆಮೇಲೆ ಒಂದು ದಿನ ಆಗಲಿ ಅಂದಳು. ಆಗಲಿ ಅಂದ ದಿನ ಸಂಜೆಯೇ ನನ್ನ ಗ್ಯಾರೇಜಿಗೆ ಬಂದು ಈ ಜಗಳ ತೆಗೆದಿದ್ದಳು.

ನಮ್ಮೂರಿಗೆ ಹೊಸಬರಾದವರಿಗೆ ಜಗಳ ಯಾಕೆ ಎಂದು ತಿಳಿಯಲಿಕ್ಕಿಲ್ಲ. ನಮ್ಮೂರಿನಿಂದ ಹೊರಗೆ ಹೋಗಲು ಇರುವುದು ಒಂದೇ ದಾರಿ, ಹೊಳೆಯ ಸೇತುವೆ. ನಮ್ಮೂರಲ್ಲಿ ಒಂದು ಮಳೆಗಾಲ ಕಳೆದ ಯಾವ ಗಾಡಿಯೂ, ವಾಪಸ್ ಬರುವ ಮನಸ್ಸಿಲ್ಲದವರನ್ನು ಸೇತುವೆ ದಾಟಿಸುವುದಿಲ್ಲ. ಸ್ಟೇರಿಂಗ್ ಹಿಡಿದವನು ಬರುವವನಾದರೆ ಸುಮ್ಮನೆ ದಾಟುತ್ತದೆ. ಬರದವನಾದರೆ ನಡುಸೇತುವೆಯಲ್ಲಿ ಇಂಜಿನ್ ನಿಲ್ಲುತ್ತದೆ. ಬೇರೆಯವರು ದಾಟಿಸಿ ಕೊಟ್ಟರೂ ಆಚೆ ದಡದಲ್ಲಿ ಅವನ ಕೈಗೆ ಅದು ಏಳುವುದಿಲ್ಲ. ಅಷ್ಟೇ. ಹೀಗೆ ನಿಂತ ಗಾಡಿಗಳಿಂದ ತೊಟ್ಟಿಕ್ಕಿದ ಎಣ್ಣೆಯಿಂದ ಅಲ್ಲಿ ಒಂದು ಕಪ್ಪು ಕಲೆ ಇದೆ, ಎಷ್ಟು ಮಳೆ ಬಂದರೂ ಹೋಗುವುದಿಲ್ಲ.

ಬೇರೆ ಊರವರು ಯಾರ ಮನೆಯಿಂದ ಎದ್ದರೂ "ಬರ್ತೀನಿ" ಅಂತಾರೆ. ಬರುವ ಯೋಚನೆ ಇಲ್ಲದಿದ್ದರೂ ಅಂತಾರೆ. ನಮ್ಮಲ್ಲಿ ಆ ಮಾತಿಗೆ ತೂಕ ಜಾಸ್ತಿ. ಗಂಡ ಜಗಳ ಆಡಿ, "ಈ ಮನೆಗೆ ಇನ್ನು ಕಾಲಿಡಲ್ಲ" ಎಂದು ಬೈಕು ಹತ್ತಿ ಹೋದರೆ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸುವುದಿಲ್ಲ. ಸೇತುವೆ ದಾಟಿದ ಅಂತ ಯಾರಾದರೂ ಬಂದು ಹೇಳಿದರೆ ಇನ್ನೆರಡು ರೊಟ್ಟಿ ಹೆಚ್ಚಿಗೆ ಬಡಿಯುತ್ತಾಳೆ. ಗಾಡಿ ನಿಂತಿತಂತೆ ಅಂದರೆ ಮಾತ್ರ ಒಲೆ ಆರಿಸಿ ಎದ್ದು ಓಡುತ್ತಾಳೆ. ನಮ್ಮೂರ ಶಾಲೆಗೆ ಬಂದಿದ್ದ ಹೆಡ್‌ಮಾಸ್ತರರಿಗೆ ವರ್ಗವಾದ ದಿನ ಅವರ ಸ್ಕೂಟರು ನಿಲ್ಲದೆ ದಾಟಿಬಿಟ್ಟಿತು. ಕಳಿಸಲು ಹೋದವರೆಲ್ಲ ಅಲ್ಲೇ ಅತ್ತರು. ರಿಟೈರಾದ ಮೇಲೆ ಅವರು ನಮ್ಮೂರಿಗೇ ಬಂದು ಮನೆ ಮಾಡಿದರು, ಈಗಲೂ ಇದ್ದಾರೆ.

ಪೂರ್ತಿಯಾಗಿ ಹೋಗುವವರು ಹೋಗುವ ಕ್ರಮವೇ ಬೇರೆ. ತಮ್ಮ ಗಾಡಿಯಲ್ಲಿ ಸೇತುವೆಯವರೆಗೆ ಬರುತ್ತಾರೆ. ಇಂಜಿನ್ ತಾನಾಗಿ ನಿಲ್ಲುವವರೆಗೆ ಕಾಯುತ್ತಾರೆ. ನಿಂತ ಮೇಲೆ ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಇಳಿದು, ನಡೆದು ದಾಟುತ್ತಾರೆ. ಮದುವೆಯಾಗಿ ಹೋಗುವ ಹೆಣ್ಣುಮಕ್ಕಳೂ ಹಾಗೆಯೇ. ಆಚೆ ದಡದಲ್ಲಿ ಹೊರಗಿನ ಗಾಡಿಗಳು ಕಾಯುತ್ತಿರುತ್ತವೆ. ನಮ್ಮೂರ ಚಾಳಿ ತಗುಲಿಬಿಟ್ಟೀತು ಎಂದು ಅವು ಈಚೆ ಬರುವುದಿಲ್ಲ. ಹೋದವರ ಗಾಡಿಯನ್ನು ತಳ್ಳಿಕೊಂಡು ನನ್ನ ಗ್ಯಾರೇಜಿಗೆ ತರುತ್ತಾರೆ. ನಾನು ಅದನ್ನು ಊರಲ್ಲೇ ಯಾರಿಗಾದರೂ ಕೊಡಿಸುತ್ತೇನೆ.

ಅತ್ತಿಗೆಗೆ ಇದು ಬೇಡವಾಗಿತ್ತು. ಗಾಡಿಯಲ್ಲೇ ದಾಟಬೇಕು ಎಂಬುದು ಅವಳ ಹಟ.

"ಕೈಬೀಸ್ಕೊಂಡು ಆ ಮನೆಗೆ ಹೋದ್ರೆ ಮಾರನೇ ದಿನದಿಂದ ಬಾಣಲೆ ಮುಂದೆ ಕೂರಿಸ್ತಾರೆ ಕಣೋ ತಿಪ್ಪೇಶಿ," ಎಂದಳು ನಾನು ಮಂಡಕ್ಕಿ ಜಗಿಯುತ್ತಿದ್ದಾಗ. "ಷಡಕ್ಷರಿ ಒಳ್ಳೆಯವನೇ. ಆದ್ರೂ ಮೆಣಸಿನಕಾಯಿ ಕರಿಯೋಕೆ ನಾನು ಹುಟ್ಟಿಲ್ಲ. ಗಾಡಿ ಇದ್ರೆ ಅಲ್ಲೂ ನಾನು ನಾನಾಗೇ ಇರ್ತೀನಿ. ಈ ವಯಸ್ಸಲ್ಲಿ ಇನ್ನೊಂದು ಗಾಡಿ ಜೊತೆ ಹೊಂದ್ಕೊಳ್ಳೋದೂ ಒಂದೇ, ಇನ್ನೊಬ್ಬ ಗಂಡನ ಜೊತೆ ಹೊಂದ್ಕೊಳ್ಳೋದೂ ಒಂದೇ. ಎರಡೂ ಒಟ್ಟಿಗೆ ಆಗಲ್ಲ ನನ್ನಿಂದ."

ನುಂಗಿ ಹೇಳಿದೆ, "ಹಾಗಾದ್ರೆ ಗಂಡನ್ನ ಬಿಡು."

"ನೀನೇ ಸಾಕ್ತೀಯಾ?"

"ಸಾಕ್ತೀನಿ! ಇಷ್ಟು ದಿನ ಯಾರು ಯಾರನ್ನ ಸಾಕಿದ್ರು?"

"ನಾನು ನಿನ್ನ," ಎಂದಳು. ಅದು ನಿಜವೇ ಆಗಿತ್ತು.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಹಾಲಮ್ಮ ಜೋಳ ಹಸನು ಮಾಡುತ್ತ ಕೂತಿದ್ದಳು. ತಲೆ ಎತ್ತದೆ, "ಪೆಟ್ಟಿಗೆ ಕೆಡ್ತೈತೆ ಅಂತ ಹೆದರಿದ್ರೋ, ಅಕ್ಕ ಹೋಗ್ತಾಳೆ ಅಂತ ಹೆದರಿದ್ರೋ?" ಎಂದಳು.

"ಪೆಟ್ಟಿಗೆ ಕೆಡ್ತೈತೆ ಅಂತಲೇ!"

"ಹಂಗಿದ್ರೆ ಇಷ್ಟು ಜೋರಾಗಿ ಯಾಕೆ ಕೂಗ್ತೀರಿ?"

ಹೆದರಿಕೆ ಎರಡಕ್ಕೂ ಇತ್ತು. ಪೆಟ್ಟಿಗೆ ಅಂದರೆ ಇಂಜಿನ್ನಿನ ಬುದ್ಧಿ. ನಾವು ಇಸಿಎಂ ಅಂತೀವಿ. ಎಷ್ಟು ಡೀಸೆಲ್ ಬಿಡಬೇಕು, ಯಾವಾಗ ಬಿಡಬೇಕು, ಗಾಳಿ ಎಷ್ಟು, ಬಿಸಿ ಎಷ್ಟು, ಎಲ್ಲ ಲೆಕ್ಕ ಅದರೊಳಗೆ ಬರೆದಿರುತ್ತದೆ. ಆ ಬರಹವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ತಿದ್ದಿ, ಮತ್ತೆ ತುಂಬಬಹುದು. ಹುಡುಗರು ಪಿಕಪ್ ಬೇಕು ಅಂತ ಬರುತ್ತಾರೆ. ನಾನು ಮೊದಲು ಬೈಯುತ್ತೇನೆ. ಕಂಪನಿಯವನು ಹುಚ್ಚನಲ್ಲ, ಇಷ್ಟೇ ಸಾಕು ಅಂತ ಬರೆದಿದ್ದಾನೆ. ನೀನು ಜಾಸ್ತಿ ಡೀಸೆಲ್ ಕುಡಿಸಿದರೆ ಟರ್ಬೊ ಹೋಗುತ್ತದೆ, ಕ್ಲಚ್ ಹೋಗುತ್ತದೆ, ಪಿಸ್ಟನ್ ಕರಗಿ ತೂತು ಬೀಳುತ್ತದೆ, ಆಗ ನನ್ನ ಹತ್ತಿರ ಬಂದು ಅಳಬೇಡ ಅನ್ನುತ್ತೇನೆ. ಆಮೇಲೆ ಸ್ವಲ್ಪ ಮಾಡಿಕೊಡುತ್ತೇನೆ. ಇನ್ನೊಂದು ಅಪಾಯ ತುಂಬುವಾಗಿನದು. ತುಂಬುವ ಹೊತ್ತಿಗೆ ಬ್ಯಾಟರಿ ಇಳಿದರೆ, ವೈರ್ ಅಲುಗಿದರೆ, ಬರಹ ಅರ್ಧಕ್ಕೆ ನಿಂತು ಪೆಟ್ಟಿಗೆ ಸತ್ತು ಹೋಗುತ್ತದೆ. ಹಳೆಯದೂ ಇಲ್ಲ, ಹೊಸದೂ ಇಲ್ಲ. ಆಮೇಲೆ ಅದು ಒಂದು ಇಟ್ಟಿಗೆ.

ನಮ್ಮೂರ ಗಾಡಿಗಳ ಬರಹದಲ್ಲಿ ಹೊರಗಿನ ಗಾಡಿಗಳಲ್ಲಿ ಇಲ್ಲದ ಒಂದು ಸಣ್ಣ ತುಣುಕು ಇರುತ್ತದೆ. ಯಾರು ಬರೆದರೋ ಗೊತ್ತಿಲ್ಲ. ನಾನು ಅದನ್ನು ನೋಡಿದ್ದೇನೆ, ಮುಟ್ಟಿರಲಿಲ್ಲ. ಹಿಂದೆ ಒಬ್ಬ ಬಸ್ಸಿನವನು ಹೊರಗಿನಿಂದ ಯಾರನ್ನೋ ಕರೆಸಿ ಅದನ್ನು ಅಳಿಸಿದ್ದ. ಬಸ್ಸು ಸೇತುವೆ ದಾಟಿತು. ಆದರೆ ಆಮೇಲೆ ಕೀ ತೆಗೆದರೂ ಇಂಜಿನ್ ನಿಲ್ಲಲಿಲ್ಲ. ಡೀಸೆಲ್ ಮುಗಿಯುವವರೆಗೆ ಓಡಿತು. ಆ ತುಣುಕು ಅಳಿದರೆ ಗಾಡಿಗೆ ನಿಲ್ಲುವುದು ಅಂದರೆ ಏನು ಅನ್ನುವುದೇ ಮರೆತುಹೋಗುತ್ತದೆ ಅಂತ ಕಾಣುತ್ತದೆ. ನಾನು ಪೂರ್ತಿ ಅಳಿಸದೆ, ಸೇತುವೆಗೆ ಸಂಬಂಧಪಟ್ಟದ್ದು ಎಷ್ಟೋ ಅಷ್ಟನ್ನೇ ತೆಗೆಯಬಹುದು ಅಂದುಕೊಂಡೆ. ಅಂದುಕೊಂಡ ಮೇಲೆ ಕೈ ಸುಮ್ಮನಿರಲಿಲ್ಲ. ಮಾರನೇ ಬೆಳಿಗ್ಗೆ ನಾನೇ ಅತ್ತಿಗೆಯ ಮನೆ ಮುಂದೆ ನಿಂತು, "ಗಾಡಿ ತಗೊಂಡು ಬಾ. ಕೆಟ್ರೆ ನನ್ನ ಕೇಳಬೇಡ," ಎಂದೆ.

"ಕೆಟ್ರೆ ನಿನ್ನೇ ಕೇಳ್ತೀನಿ," ಎಂದು ಕೀ ತಂದಳು.

ಮೊದಲು ಹಳೆಯ ಬರಹವನ್ನು ಪೂರ್ತಿ ಇಳಿಸಿ ಎರಡು ಕಡೆ ಕಾಪಿ ಇಟ್ಟೆ. ಬ್ಯಾಟರಿಗೆ ಚಾರ್ಜರ್ ಹಚ್ಚಿದೆ. ತಿದ್ದಿದ್ದನ್ನು ತುಂಬಿದೆ. ಎಲ್ಲ ಸರಿಯಾಗಿ ಮುಗಿಯಿತು. ಇಂಜಿನ್ ಒಂದೇ ಸಲಕ್ಕೆ ಎದ್ದಿತು. ಖುಷಿಯಲ್ಲಿ, "ನಡಿ, ಟ್ರಯಲ್ ನೋಡೋಣ," ಎಂದು ನಾನೇ ಸ್ಟೇರಿಂಗ್ ಹಿಡಿದು ಸೇತುವೆಗೆ ಹೊಡೆದೆ. ಎಣ್ಣೆ ಕಲೆ ದಾಟಿತು, ಆಚೆ ದಡ ಮುಟ್ಟಿತು, ತಿರುಗಿಸಿಕೊಂಡು ಬಂದೆ. "ನೋಡು! ಹೆಂಗೈತೆ!" ಎಂದು ಎದೆ ತಟ್ಟಿಕೊಂಡೆ.

ಅತ್ತಿಗೆ ಸೊಂಟಕ್ಕೆ ಕೈ ಇಟ್ಟು ನನ್ನನ್ನೇ ನೋಡಿದಳು. "ಲೇ ಪೆದ್ದ, ನೀನು ವಾಪಸ್ ಬರೋನೇ ಅಲ್ವಾ? ಹಳೇ ಪೆಟ್ಟಿಗೆ ಇದ್ರೂ ದಾಟ್ತಿತ್ತು."

ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಟ್ರಯಲ್ ನೋಡುವುದು ಹೇಗೆ? ಸ್ಟೇರಿಂಗ್ ಹಿಡಿದವನು ನಿಜವಾಗಿ ಬರಬಾರದು, ಬಂದು ಹೇಳಲೂ ಬೇಕು. ನಾನು ಮತ್ತೆ ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಊರನ್ನು ಬೈದೆ. ಈ ದೂಳು, ಈ ಸೋರುವ ತಗಡು, ಕೆಲಸ ಮಾಡಿಸಿಕೊಂಡು ಮೂತಿ ತಿರುಗಿಸುವ ಜನ, ನನ್ನ ಸಿಟ್ಟಿಗೆ ನಗುವ ಹೆಂಡತಿ. ಅಣ್ಣ ಹೋದ, ಈಗ ಅತ್ತಿಗೆಯೂ ಹೋಗುತ್ತಾಳೆ, ನನಗೇನಿದೆ ಇಲ್ಲಿ, ಹೋಗಿಯೇಬಿಡುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಹೊಡೆದೆ. ಗಾಡಿ ದಾಟಿತು. ಆಚೆ ದಡದಲ್ಲಿ ನಿಂತು ಯೋಚಿಸಿದೆ. ನನ್ನ ಬರಹ ಕೆಲಸ ಮಾಡಿತೋ, ಅಥವಾ ನನ್ನ ಸಿಟ್ಟು ಸುಳ್ಳು ಅಂತ ಗಾಡಿಗೆ ಗೊತ್ತಾಯಿತೋ? ಅಷ್ಟರಲ್ಲಿ ಹಸಿವಾಯಿತು. ಇವತ್ತು ಹಾಲಮ್ಮ ಹಿಟ್ಟಿನ ಪಲ್ಯ ಮಾಡುತ್ತೇನೆ ಅಂದಿದ್ದಳು ಅನ್ನುವುದು ನೆನಪಾಯಿತು. ಇಂಥವನ ಮಾತನ್ನು ಯಾವ ಗಾಡಿ ನಂಬುತ್ತದೆ?

ವಾಪಸ್ ಬಂದು ಗ್ಯಾರೇಜಿನಲ್ಲಿ ಕೀ ತಿರುಗಿಸಿದೆ. ಇಂಜಿನ್ ನಿಲ್ಲಲಿಲ್ಲ. ಕೀ ಹೊರಗೆ ತೆಗೆದೆ. ನಿಲ್ಲಲಿಲ್ಲ. ಅತ್ತಿಗೆ ಕೀಯನ್ನೂ ಗಾಡಿಯನ್ನೂ ನೋಡಿದಳು. ನಾನು ಬ್ರೇಕ್ ಒತ್ತಿ ಹಿಡಿದು, ಟಾಪ್ ಗೇರಿಗೆ ಹಾಕಿ, ಕ್ಲಚ್ ಬಿಟ್ಟೆ. ಗಾಡಿ ಒಮ್ಮೆ ಗಡಗಡ ನಡುಗಿ ಸತ್ತಿತು.

"ಹಳೇದನ್ನೇ ಹಾಕ್ತೀನಿ," ಎಂದೆ.

"ಬ್ಯಾಡ. ಗೇರಲ್ಲಿ ನಿಲ್ಸೋದು ನಾನೂ ಕಲೀತೀನಿ."

"ಕೀ ತೆಗೆದ್ರೂ ನಿಲ್ಲದ ಗಾಡೀಲಿ ನಿನ್ನನ್ನ ಕಳಿಸಲ್ಲ!"

"ನನ್ನ ಜೀವ, ನನ್ನ ಗಾಡಿ..."

"ನಿನ್ನ ಜೀವ ನಿಂದಷ್ಟೇ ಅಂತ ಯಾರು ಹೇಳಿದ್ದು!" ಎಂದು ಕೂಗಿದೆ. ಈ ಸಲ ಅವಳು ಸೆರಗಿನ ಗಂಟಿಗೆ ಕೈ ಹಾಕಲಿಲ್ಲ.

ಹಳೆಯ ಬರಹವನ್ನು ತುಂಬಲು ಹಚ್ಚಿದೆ. ಅರ್ಧ ದಾಟಿತ್ತು. ಆಗ ಕರೆಂಟು ಹೋಯಿತು. ಚಾರ್ಜರಿನ ದೀಪ ಆರಿತು. ಬೆಳಗಿನಿಂದ ಬರಹ ಇಳಿಸಿ, ತುಂಬಿ, ಮತ್ತೆ ತುಂಬಿ, ಆ ಗಾಡಿಯ ಹಳೆ ಬ್ಯಾಟರಿಯಲ್ಲಿ ಏನು ಉಳಿದಿರುತ್ತದೆ? ಲ್ಯಾಪ್‌ಟಾಪಿನಲ್ಲಿ ಓಲ್ಟೇಜು ಇಳಿಯುವುದು ಕಾಣುತ್ತಿತ್ತು. ನಾನು ವೈರ್ ಅಲುಗದಂತೆ ಹಿಡಿದು ಕೂತಿದ್ದೆ, ಏಳುವಂತಿರಲಿಲ್ಲ. "ಅತ್ತಿಗೆ, ಟ್ರ್ಯಾಕ್ಟರ್ ಬ್ಯಾಟರಿ!" ಎಂದೆ. ಅವಳು ಮೂಲೆಯಲ್ಲಿದ್ದ ಆ ಭಾರದ ಬ್ಯಾಟರಿಯನ್ನು ಎದೆಗೆ ಅವಚಿಕೊಂಡು ತಂದಳು. "ಕೆಂಪಿಗೆ ಕೆಂಪು. ಮೊದಲು ಕೆಂಪು. ಕಿಡಿ ಹಾರಬಾರದು." ಕ್ಲಿಪ್ಪುಗಳಲ್ಲಿ ಒಂದು ಸಡಿಲವಾಗಿತ್ತು. ಅವಳು ಅದನ್ನು ಕೈಯಿಂದಲೇ ಅದುಮಿ ಹಿಡಿದು ನಿಂತಳು. ಸೀರೆಗೆಲ್ಲ ಆ್ಯಸಿಡ್ ತಾಗಿತ್ತು. ಉಸಿರು ಬಿಡಲೂ ಹೆದರಿದವಳಂತೆ ನಿಂತಿದ್ದಳು. ಯಾವ ಬರಹ ತನ್ನನ್ನು ಸೇತುವೆಯಲ್ಲಿ ನಿಲ್ಲಿಸುತ್ತದೋ ಅದೇ ಬರಹ ಅಳಿಯದಂತೆ ಅವಳು ಕಾಯುತ್ತಿದ್ದಳು. ತುಂಬಿ ಮುಗಿಯಿತು. ಕೀ ಹಾಕಿದೆ, ಎದ್ದಿತು. ಕೀ ತೆಗೆದೆ, ಹೇಳಿದ ಮಾತು ಕೇಳುವ ಮಗುವಿನಂತೆ ನಿಂತಿತು. ಅಳಿಸುವ ಮೊದಲು ಹೇಗಿತ್ತೋ ಹಾಗೇ ಇದೆಯೋ ಇಲ್ಲವೋ ಎಂದು ಕಾಪಿಯ ಜೊತೆ ಹೋಲಿಸಿ ನೋಡಿದೆ. ಒಂದು ಅಕ್ಷರವೂ ಬದಲಾಗಿರಲಿಲ್ಲ.

"ನಿಲ್ತೈತೆ ಅಲ್ವಾ ಈಗ?" ಎಂದಳು.

"ಕೀಗೂ ನಿಲ್ತೈತೆ, ಸೇತುವೇಲೂ ನಿಲ್ತೈತೆ."

"ಹೋಗ್ಲಿ ಬಿಡು. ನಡೆದೇ ಹೋಗ್ತೀನಿ. ನಮ್ಮವ್ವನೂ ಮದುವೆಯಾಗಿ ಈ ಊರಿಂದ ನಡೆದೇ ಹೋಗಿದ್ದು." ಕೈಯಲ್ಲಿ ಕ್ಲಿಪ್ಪಿನ ಹಲ್ಲಿನ ಗುರುತು ಮೂಡಿತ್ತು. ಅದನ್ನೇ ಉಜ್ಜಿಕೊಳ್ಳುತ್ತ, "ಗಾಡಿ ಯಾರಿಗಾದ್ರೂ ಕೊಡು. ಕುಡಿಯೋನಿಗೆ ಮಾತ್ರ ಕೊಡಬ್ಯಾಡ," ಎಂದಳು.

ಹೊರಡುವ ದಿನ ಬೆಳಿಗ್ಗೆ ಹಾಲಮ್ಮ ಅವಳಿಗೆ ಉಡಿ ತುಂಬಿ ಮನೆಯಲ್ಲೇ ಉಳಿದಳು. ಸೇತುವೆಗೆ ಬಂದರೆ ನಾನು ಅತ್ತು ಗಲಾಟೆ ಮಾಡ್ತೀನಿ, ನೀವೇ ಹೋಗಿ ಬನ್ನಿ ಅಂದಳು. ಅತ್ತಿಗೆ ಸ್ಟೇರಿಂಗಿಗೆ ಕೂತಳು, ನಾನು ಪಕ್ಕದಲ್ಲಿ. ನಮ್ಮಿಬ್ಬರ ನಡುವೆ ಅವಳ ಬಟ್ಟೆಯ ಚೀಲ, ದಾರಿಗೆಂದು ಹಾಲಮ್ಮ ಕೊಟ್ಟ ಒಗ್ಗರಣೆ ಮಂಡಕ್ಕಿಯ ಪೊಟ್ಟಣ. ಹಿಂದೆ ಭಟ್ಟಿಯ ಹೆಂಗಸರು ಒಂದಷ್ಟು ಜನ ನಡೆದು ಬಂದು ಸೇತುವೆಯ ಈಚೆ ನಿಂತರು. ಆಚೆ ದಡದಲ್ಲಿ ಷಡಕ್ಷರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸ್ಕೂಟರಿನ ಪಕ್ಕ ನಿಂತಿದ್ದುದು ಕಾಣುತ್ತಿತ್ತು. ಅಲ್ಲಿಂದಲೇ ನನಗೆ ಕೈ ಮುಗಿದ. ನಾನು ನೋಡದವನಂತೆ ಕೂತೆ.

ಅತ್ತಿಗೆ ನಿಧಾನವಾಗಿ ಬಿಟ್ಟಳು. ಎರಡನೇ ಗೇರು. ನಿಲ್ಲುವಾಗ ಜರ್ಕ್ ಆಗದಿರಲಿ ಎಂದು ಕಾಲು ಕ್ಲಚ್ಚಿನ ಮೇಲೆ ಇಟ್ಟುಕೊಂಡಿದ್ದಳು. ಎಣ್ಣೆ ಕಲೆ ಹತ್ತಿರ ಬಂತು. ನಾನು ಡ್ಯಾಶ್‌ಬೋರ್ಡ್ ಹಿಡಿದುಕೊಂಡೆ. ಮುಂದಿನ ಗಾಲಿ ಕಲೆಯ ಮೇಲೆ ಹತ್ತಿತು. ಇಳಿಯಿತು. ಹಿಂದಿನ ಗಾಲಿ ಹತ್ತಿತು, ಇಳಿಯಿತು. ಇಂಜಿನ್ ಮಾತ್ರ ಮೊದಲಿನ ಹಾಗೇ ಹಾಡುತ್ತಿತ್ತು.

ಹಿಂದೆ ನಿಂತಿದ್ದ ಹೆಂಗಸರಲ್ಲಿ ಯಾರೋ ಒಬ್ಬಳು "ಅಯ್ಯೋ ನಮ್ಮವ್ವ" ಅಂದದ್ದು ಕೇಳಿಸಿತು.

ಅತ್ತಿಗೆ ತಾನೇ ಬ್ರೇಕ್ ಒತ್ತಿ, ಕೀ ತಿರುಗಿಸಿದಳು. ತಟ್ಟನೆ ನಿಂತಿತು. ಕೆಳಗೆ ನೀರಿನ ಸದ್ದು.

"ಹಳೇದೇ ಹಾಕಿದ್ದೀಯಾ?" ಎಂದಳು ಮುಂದೆ ನೋಡುತ್ತಲೇ.

"ನೀನೇ ಬ್ಯಾಟರಿ ಹಿಡ್ಕೊಂಡು ನಿಂತಿದ್ದಲ್ಲ ಅತ್ತಿಗೆ."

ಅವಳ ಮುಖ ನೋಡಲು ನನ್ನಿಂದಾಗಲಿಲ್ಲ. ಸ್ಟೇರಿಂಗಿನ ಮೇಲಿದ್ದ ಕೈಗಳನ್ನು ನೋಡಿದೆ. ಬಲಗೈಯಲ್ಲಿ ಕ್ಲಿಪ್ಪಿನ ಹಲ್ಲಿನ ಗುರುತು ಇನ್ನೂ ಮಾಸಿರಲಿಲ್ಲ.

"ನಾನು ಹೋಗ್ತೀನಿ ಅಂತಲೇ ಅಂದ್ಕೊಂಡಿದ್ದೆ ಕಣೋ," ಎಂದಳು ಮೆಲ್ಲಗೆ. "ರಾತ್ರಿಯೆಲ್ಲ ಅದನ್ನೇ ಅಂದ್ಕೊಂಡಿದ್ದೆ. ಇದಕ್ಕೇನು ಗೊತ್ತಾಯ್ತೋ."

ನನಗೆ ಖುಷಿಯಾಗಬೇಕಿತ್ತು. ಆಯಿತು ಕೂಡ. "ಹಾಗಾದ್ರೆ ಇನ್ನೇನು! ಗಾಡಿ ಬಿಡ್ತಾ ಐತೆ. ಗಾಡೀಲೇ ಹೋಗು. ನಿಂಗೆ ಬೇಕಾಗಿದ್ದೂ ಅದೇ ಅಲ್ವಾ?"

ಅವಳು ಆಚೆ ದಡವನ್ನು ನೋಡಿದಳು. ಷಡಕ್ಷರಿ ಅಲ್ಲಾಡದೆ ನಿಂತಿದ್ದ. ಪಾಪ, ಗಾಡಿ ಕಲೆ ದಾಟಿದ್ದನ್ನು ಅವನೂ ನೋಡಿದ್ದ. ಏನರ್ಥವಾಯಿತೋ ಅವನಿಗೆ, ಮುಗಿದ ಕೈ ಕೆಳಗೆ ಇಳಿದಿತ್ತು.

"ಬರ್ತೀನಿ ಅಂದ ಗಾಡೀಲಿ ಕೂತು ಇನ್ನೊಂದು ಮನೆ ತುಂಬೋಕೆ ಹೋಗೋದಾ?" ಎಂದಳು. "ದಿನಾ ಬೆಳಿಗ್ಗೆ ಕೀ ತಿರುಗಿಸ್ತೀನಿ, ಇದು ಈ ಕಡೆ ಮೂತಿ ಮಾಡ್ತೈತೆ. ನಾನೂ ಮಾಡ್ತೀನಿ. ಆ ಮನುಷ್ಯ ಬಾಣಲೆ ಮುಂದೆ ಕೂತು ಅದನ್ನೇ ನೋಡ್ತಿರಬೇಕಾ? ನ್ಯಾಯ ಅಲ್ಲ ಕಣಪ್ಪ. ಕಾಲಿಗೆ ಇಂಥ ಬುದ್ಧಿ ಯಾರೂ ಬರೆದಿಲ್ಲ. ನಡೆದ್ರೆ ಹೋಗೇ ಹೋಗ್ತವೆ."

"ಮತ್ತೆ ಗಾಡಿ? ಬಾಣಲೆ ಮುಂದೆ ಕೂರಲ್ಲ ಅಂದಿದ್ದೆ?"

"ಆ ಕಡೇದೇ ಒಂದು ಹುಡುಕ್ತೀನಿ. ಬರ್ತೀನಿ ಹೋಗ್ತೀನಿ ಅಂತ ತಲೆ ತಿನ್ನದೇ ಇರೋದು." ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. "ಇದನ್ನ ಯಾರಿಗೂ ಕೊಡಬ್ಯಾಡ. ನೀನೇ ಇಟ್ಕೋ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. "ಬರೋ ಮನಸೈತೆ ಅಂತ ಗೊತ್ತಾದ ಮೇಲೂ ಹೋಗ್ತೀಯಲ್ಲ, ನಿನಗೇನು ತಲೆ ಕೆಟ್ಟೈತಾ? ಇಳಿಬೇಡ! ಇಳಿದ್ರೆ ನೋಡು..." ಎಂದು ಬಾಯಿ ತೆರೆದೆ. ಅವಳು ಪೊಟ್ಟಣ ಹರಿದು, ಒಂದು ಮುಷ್ಟಿ ಮಂಡಕ್ಕಿ ನನ್ನ ಬಾಯಿಗೆ ತುರುಕಿದಳು. ಕೆನ್ನೆಯನ್ನು ಎರಡು ಸಲ ತಟ್ಟಿ, ಬಟ್ಟೆಯ ಚೀಲ ತೆಗೆದುಕೊಂಡು ಇಳಿದಳು.

ಒಗ್ಗರಣೆಯ ಖಾರ ಗಂಟಲಿಗೆ ಹತ್ತಿತು. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಅವಳು ನಡೆದು ಹೋಗುವುದು ಆ ನೀರಿನಲ್ಲಿ ಮಸುಕಾಗಿ ಕಂಡಿತು. ಒಮ್ಮೆಯೂ ತಿರುಗಲಿಲ್ಲ. ಷಡಕ್ಷರಿ ಓಡಿ ಬಂದು ಚೀಲ ಇಸಿದುಕೊಂಡ. ಬಾಯಲ್ಲಿದ್ದದ್ದನ್ನು ನುಂಗಿ, ಕಿಟಕಿಯಿಂದ ತಲೆ ಹೊರಗೆ ಹಾಕಿ "ಹೋಗಿ ಬಾ ಅತ್ತಿಗೆ" ಎಂದು ಕೂಗುವಷ್ಟರಲ್ಲಿ ಸ್ಕೂಟರು ತಿರುವಿನಾಚೆ ಹೋಗಿತ್ತು.

ಆಮೇಲೆ ಅವಳು ಬರಲಿಲ್ಲ. ಗಾಡಿ ಅವತ್ತು ಸುಳ್ಳು ಹೇಳಿತು, ತಿಪ್ಪೇಶಿ ಪೆಟ್ಟಿಗೆ ಕೆಡಿಸಿದ್ದಾನೆ ಎಂದು ಭಟ್ಟಿಯ ಹತ್ತಿರ ಜನ ಆಡಿಕೊಳ್ಳುತ್ತಾರೆ. ಎದುರಿಗೆ ಅಂದವರನ್ನು ಬೈದು ಕಳಿಸಿದ್ದೇನೆ. ಆ ಬರಹವನ್ನು ಕಾಪಿಯ ಜೊತೆ ಹೋಲಿಸಿ ನೋಡಿದವನು ನಾನು. ಅದರಲ್ಲಿ ತಪ್ಪಿರಲಿಲ್ಲ.